ಮೂರು ಸಲ ಕೇಳಬೇಕು

ಆನೇಮಹಲ್ ತಿರುವಿಗೆ ಬರುವಷ್ಟರಲ್ಲಿ ಕಾರಿನೊಳಕ್ಕೆ ಆ ವಾಸನೆ ನುಗ್ಗಿತು. ಕಾಫಿ ಹಣ್ಣಿನ ಸಿಪ್ಪೆ ರಾಶಿಯಲ್ಲಿ ಹುಳಿಯುವ ವಾಸನೆ. ನಮ್ಮ ಹೋಂಸ್ಟೇಗೆ ಬರುವ ಪೇಟೆಯವರು "ಇಲ್ಲೇನೋ ಸತ್ತಿದೆ ಮೇಡಂ" ಎಂದು ಮೂಗು ಹಿಡಿದುಕೊಂಡು ಬರುತ್ತಾರೆ. ನಮಗದು ಕೊಯ್ಲಿನ ವಾಸನೆ. ಪಕ್ಕದಲ್ಲಿ ಕೂತಿದ್ದ ಗಿರಿಜಕ್ಕ ಕಿಟಕಿಯ ಗಾಜನ್ನು ಇನ್ನಷ್ಟು ಇಳಿಸಿದರು. ಮೈಮೇಲೆ ಹೊಸ ಸೀರೆ, ತೊಡೆಯ ಮೇಲೆ ಚೀಲ. ಬೆಂಗಳೂರು ತಲುಪಲು ಇನ್ನೂ ಐದು ಗಂಟೆ ಬೇಕು, ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿಲ್ಲ. ಬಾಳೆಹಣ್ಣು ಕೊಟ್ಟೆ. "ಬೇಡ ಕಣಕ್ಕ" ಅಂದರು. ಇನ್ನೊಮ್ಮೆ ಕೇಳಿದೆ, ಬೇಡ. ಮತ್ತೊಮ್ಮೆ ಕೇಳಿದೆ, ಎರಡು ತಿಂದರು.

ಹೀಗೆ ಬಿಡದೆ ಕೇಳುವುದನ್ನು ನಾನು ಮತ್ತೆ ಕಲಿತದ್ದು ಮೂರು ವರ್ಷದ ಹಿಂದಿನ ಕೊಯ್ಲಿನಲ್ಲಿ. ಆಗಲೂ ಸಿಪ್ಪೆ ಹೀಗೇ ನಾರುತ್ತಿತ್ತು.

ಆಗ ನಾನು ನಮ್ಮೂರು ಹೆಗ್ಗದ್ದೆಗೆ ವಾಪಸು ಬಂದು ಏಳನೇ ವರ್ಷ. ಅದಕ್ಕೂ ಮುಂಚೆ ಹನ್ನೆರಡು ವರ್ಷ ವಿಮಾನದಲ್ಲಿ ಕ್ಯಾಬಿನ್ ಕ್ರೂ ಆಗಿದ್ದೆ. ಪತ್ರಿಕೆಯವರ ಭಾಷೆಯಲ್ಲಿ ಗಗನಸಖಿ. ಗಗನಕ್ಕೆ ನಾನು ಸಖಿಯಾಗಿದ್ದು ನನಗಂತೂ ನೆನಪಿಲ್ಲ. ಮಂಡಿನೋವು, ಕಿವಿನೋವು, ನಿದ್ದೆಗೇಡು ಈ ಮೂವರು ಸಖಿಯರು ಮಾತ್ರ ನನ್ನ ಜೊತೆ ಊರಿಗೂ ಬಂದರು. ಕೆಲಸದಲ್ಲಿದ್ದಷ್ಟು ದಿನ ನನ್ನಪ್ಪ ನೆಂಟರಿಷ್ಟರಿಗೆಲ್ಲ "ಏರ್‌ಪೋರ್ಟ್ ಆಫೀಸಲ್ಲಿದಾಳೆ" ಎಂದು ಹೇಳುತ್ತಿದ್ದರು. ವಿಮಾನದಲ್ಲಿ ಊಟದ ತಟ್ಟೆ ಕೊಡುತ್ತಾಳೆ ಅನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ನಾನೂ ತಿದ್ದಲಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಆ ಮುಳ್ಳು ಮಾತ್ರ ಒಳಗೇ ಉಳಿದಿತ್ತು. ಈಗ ನಾನೂ ನನ್ನ ಗಂಡ ಧರ್ಮೇಶನೂ ಎಂಟು ಎಕರೆ ತೋಟ ನೋಡಿಕೊಂಡು, ಎರಡು ರೂಮು ಹೋಂಸ್ಟೇಗೆ ಬಿಟ್ಟುಕೊಂಡು ಇದ್ದೇವೆ. ಊರವರು ಕರೆಯುವುದು ಏರೋಪ್ಲೇನ್ ಶೈಲಕ್ಕ ಎಂದೇ.

ಆ ವರ್ಷ ಅರೇಬಿಕಾ ಹಣ್ಣಾಗಲು ಶುರುವಾದ ಹೊತ್ತಿನಲ್ಲಿ ಒಂದು ಸಂಜೆ ರಕ್ಷಿತಾ ಬಂದಳು. ಗಿರಿಜಕ್ಕನ ಒಬ್ಬಳೇ ಮಗಳು. ಗಿರಿಜಕ್ಕ ಸುತ್ತಮುತ್ತಲಿನ ತೋಟಗಳಲ್ಲಿ ಕೊಯ್ಲಿಗೆ ಹೋಗುವವರು, ನಮ್ಮ ತೋಟಕ್ಕೂ ಬರುತ್ತಿದ್ದರು. ಗಂಡ ಮಂಜಣ್ಣ ವನಗೂರಿನ ಕಡೆಯ ದಿಣ್ಣೆಗಳಿಗೆಲ್ಲ ಬಾಡಿಗೆ ಜೀಪು ಓಡಿಸುತ್ತಿದ್ದ. ಹುಡುಗಿ ಸಕಲೇಶಪುರದಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು.

"ಅಕ್ಕ, ನನ್ಗೂ ನಿಮ್ಮಂಗೆ ಕ್ರೂ ಆಗ್ಬೇಕು. ಹೇಳ್ಕೊಡ್ತೀರಾ?"

"ನಿಮ್ಮವ್ವನ್ನ ಕೇಳಿದ್ಯಾ?"

"ಅಪ್ಪ ಹ್ಞೂ ಅಂದೈತೆ. ಅವ್ವ ಏನೂ ಅಂದಿಲ್ಲ. ಮಾವ ಆಲೂರಲ್ಲಿ ಸೊಸೈಟಿ ಕೆಲಸ ಮಾತಾಡವ್ನೆ. ಸಂಕ್ರಾಂತಿ ಆದ್ಮೇಲೆ ಅಲ್ಲಿಗೆ ಹೋಗ್ಬೇಕಂತೆ. ಅಷ್ಟ್ರೊಳ್ಗೆ ಇದು ಆದ್ರೆ ಆಯ್ತು ಅಕ್ಕ, ಇಲ್ಲಾಂದ್ರೆ ಇಲ್ಲ."

ಹುಡುಗಿಯ ಕೈಲಿದ್ದದ್ದು ಆ ಒಂದು ಕೊಯ್ಲು ಮಾತ್ರ. ನಾನು ಅವಳನ್ನು ಅಟ್ಟದ ಕೆಳಗೆ ನಿಲ್ಲಿಸಿ "ಮೇಲಿನ ಡಬ್ಬ ತೆಗಿ" ಅಂದೆ. ತುದಿಗಾಲಲ್ಲಿ ನಿಂತು ತೆಗೆದಳು. ವಿಮಾನದಲ್ಲಿ ತಲೆಮೇಲಿನ ಪೆಟ್ಟಿಗೆಗೆ ಕೈ ಎಟುಕಬೇಕು, ಅದು ಮೊದಲ ಪರೀಕ್ಷೆ. "ನಾಳೆಯಿಂದ ಬಾ" ಅಂದೆ.

ತರಗತಿ ನಡೆದದ್ದು ಕಾಫಿ ಒಣಗಿಸುವ ಕಣದಲ್ಲಿ. ಹೋಂಸ್ಟೇಯ ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡೆರಡಾಗಿ ಜೋಡಿಸಿ ನಡುವೆ ದಾರಿ ಬಿಟ್ಟೆವು. ಹಣ್ಣಿನ ಮೂಟೆ ಸಾಗಿಸುವ ಒಂಟಿಚಕ್ರದ ತಳ್ಳುಗಾಡಿಯೇ ಊಟದ ಟ್ರಾಲಿ. ಧರ್ಮೇಶ ಸ್ಟೋರಿನ ಬಾಗಿಲಲ್ಲಿ ನಿಂತು "ಈ ಫ್ಲೈಟು ವಾಸ್ನೆ ಬತ್ತೈತೆ, ನಾನು ಬಸ್ಸಲ್ಲೇ ಹೋಯ್ತೀನಿ" ಎಂದು ರೇಗಿಸುತ್ತಿದ್ದ. ರಕ್ಷಿತಾ ಬೆಳಿಗ್ಗೆ ಅವ್ವನ ಜೊತೆ ಕೊಯ್ಲಿಗೆ ಹೋಗಿ, ಸಂಜೆ ಹಣ್ಣು ತೂಕವಾದ ಮೇಲೆ ಕೈಕಾಲು ತೊಳೆದುಕೊಂಡು ಬರುತ್ತಿದ್ದಳು. ಬೆರಳೆಲ್ಲ ಕಪ್ಪು ಅಂಟು. ಆ ಬೆರಳಲ್ಲೇ ತುರುಬು ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು "ಗುಡ್ ಈವ್ನಿಂಗ್ ಮೇಡಂ, ವೆಲ್ಕಮ್" ಎನ್ನುತ್ತಿದ್ದಳು.

ಇಂಗ್ಲಿಷ್ ಪುಸ್ತಕದ ಇಂಗ್ಲಿಷಾಗಿತ್ತು, ತಪ್ಪಿರಲಿಲ್ಲ, ಜೀವವೂ ಇರಲಿಲ್ಲ. ಹಿಂದಿ ಪರವಾಗಿಲ್ಲ. ತೋಟಕ್ಕೆ ಬರುವ ಅಸ್ಸಾಮಿನ ಆಳುಗಳ ಜೊತೆ ಮಾತಾಡಿ ಮಾತಾಡಿ ಕಲಿತಿದ್ದಳು. ನಾನು ತಿದ್ದಿದ್ದು ಅವಳ ಕನ್ನಡವನ್ನು. "ಐತೆ, ಬತ್ತೈತೆ, ಕಣವ್ವ ಎಲ್ಲ ಇಲ್ಲೇ ಈ ಕಣದಲ್ಲೇ ಬಿಟ್ಟು ಹೋಗು. ಅಲ್ಲಿ ಇಂಗ್ಲಿಷ್ ಒಂದೇ ನಿನ್ನನ್ನ ಕಾಯೋದು" ಎಂದು ಕಟ್ಟುನಿಟ್ಟಾಗಿ ಹೇಳಿದೆ. ನಾನೂ ಹಾಗೆಯೇ ಬಿಟ್ಟು ಹೋದವಳು. ಮುಂಬೈಯಲ್ಲಿ ಟ್ರೈನಿಂಗಿನ ಹೊತ್ತಲ್ಲಿ ಅಮ್ಮನ ಫೋನು ಬಂದರೆ ಮೆಟ್ಟಿಲ ಕೆಳಗೆ ಹೋಗಿ ಮಾತಾಡುತ್ತಿದ್ದೆ. ನನ್ನ ನಾಚಿಕೆಯನ್ನು ನಾನು ಈ ಹುಡುಗಿಗೂ ದಾಟಿಸುತ್ತಿದ್ದೇನೆ ಎಂದು ಆಗ ಹೊಳೆಯಲೇ ಇಲ್ಲ.

ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಒಂದು ಸಂದರ್ಶನ ಬಂತು. ಅಪ್ಪ, ಮಗಳು ಬೆಳಗಿನ ಜಾವ ಜೀಪಿನಲ್ಲೇ ಘಟ್ಟ ಇಳಿದರು. ಮಾರನೇ ದಿನ ರಕ್ಷಿತಾ ಕಣಕ್ಕೆ ಬಂದಾಗ ಮುಖ ನೋಡಿಯೇ ತಿಳಿಯಿತು.

"ಎತ್ತರ, ತೂಕ, ಇಂಗ್ಲಿಷ್ ಎಲ್ಲಾ ದಾಟ್ದೆ ಅಕ್ಕ. ಕೊನೇಗೆ ಒಂದು ನಾಟ್ಕ ಮಾಡ್ಸಿದ್ರು. ಅಲ್ಲಿದ್ದ ಸರ್ ಪ್ಯಾಸೆಂಜರ್ ಅಂತೆ, ನಾನು ಊಟ ಕೊಡ್ಬೇಕಂತೆ. ಸರ್ ಬೇಡ ಅಂದ್ರು."

"ನೀನೇನು ಮಾಡಿದೆ?"

"ಸ್ವಲ್ಪ ತಗಳಿ ಸರ್ ಅಂದೆ. ಬೇಡ ಅಂದ್ರು. ಹಂಗಂದ್ರೆ ಹೆಂಗೆ ಸರ್, ದೂರ ಹೋಯ್ತಿದೀರ, ಅರ್ಧನಾದ್ರೂ ತಿನ್ನಿ ಅಂದೆ. ಎಲ್ಲಾರೂ ನಗಾಡ್ಬುಟ್ರು. ನಾನು ಖುಷಿಗೆ ನಕ್ರು ಅಂತ ತಟ್ಟೆನ ಅವ್ರ ಮುಂದೇನೇ ಇಟ್ಬುಟ್ಟೆ."

ಧರ್ಮೇಶ ನಗು ತಡೆಯಲಾರದೆ ಸ್ಟೋರಿನೊಳಗೆ ಹೋದ. ನನಗೆ ಸಿಟ್ಟು ಬಂತು. "ಪ್ಯಾಸೆಂಜರ್ ಒಂದು ಸಲ ಬೇಡ ಅಂದರೆ ಬೇಡ. ನಕ್ಕು ಮುಂದಕ್ಕೆ ಹೋಗ್ತಾ ಇರಬೇಕು. ಎರಡನೇ ಸಲ ಕೇಳಿದರೆ ಅದು ಕಿರಿಕಿರಿ, ಮೂರನೇ ಸಲ ಕೇಳಿದರೆ ಕಂಪ್ಲೇಂಟು!"

"ನಮ್ಮನೇಲಿ ಯಾರೂ ಮೊದ್ಲನೇ ಸಲಕ್ಕೇ ಹ್ಞೂ ಅನ್ನಲ್ಲ ಅಕ್ಕ" ಎಂದಳು ಹುಡುಗಿ, ನೆಲ ನೋಡುತ್ತಾ. "ಒಂದೇ ಸಲ ಕೇಳಿ ಬಿಟ್ಟೋರನ್ನ ಮನುಷ್ಯರು ಅನ್ನಲ್ಲ."

ಅದು ನಿಜ. ನಮ್ಮ ಕಡೆ ಮೊದಲನೇ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೇ ಸಲವೂ ಬೇಡ ಅಂದರೆ ಆಗ ಹೊಟ್ಟೆ ತುಂಬಿದೆ ಎಂದು ನಂಬಬಹುದು. ಹೊಸದರಲ್ಲಿ ನಾನೂ ವಿಮಾನದಲ್ಲಿ ಹಾಗೆ ಬಲವಂತ ಮಾಡಿ ಬೈಸಿಕೊಂಡಿದ್ದೆ. ಆದರೆ ಆ ದಿನ ಅದನ್ನು ಅವಳಿಗೆ ಹೇಳಲಿಲ್ಲ. ತಳ್ಳುಗಾಡಿ ಹಿಡಿಸಿ ಮೂವತ್ತು ಸಲ ಆ ದಾರಿಯಲ್ಲಿ ಓಡಾಡಿಸಿದೆ. ಖಾಲಿ ಕುರ್ಚಿಗಳು ಬೇಡ ಅಂದವು ಎಂದುಕೊಂಡು ಅವಳು ನಕ್ಕು ಮುಂದೆ ಹೋಗಬೇಕು. ಕೊನೆಕೊನೆಗೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ನಗುತ್ತಲೇ ಮುಂದೆ ಹೋದಳು.

ಜನವರಿಯ ಮೊದಲ ವಾರ ಇನ್ನೊಂದು ಕಂಪನಿಯವರು ಬೆಂಗಳೂರಿನ ಸಂದರ್ಶನಕ್ಕೆ ದಿನ ಗೊತ್ತು ಮಾಡಿದರು. ಸಂಕ್ರಾಂತಿಗೆ ಎರಡು ದಿನ ಮುಂಚೆ. ಈ ಸಲ ಗಿರಿಜಕ್ಕನ ಬಾಯಲ್ಲಿ ಒಂದು ಮಾತು ಬಾರದೆ ಹುಡುಗಿಯನ್ನು ಕಳಿಸುವುದು ಬೇಡ ಎನಿಸಿತು. ನಾನೇ ಅವರ ಮನೆಗೆ ಹೋದೆ. ಗಿರಿಜಕ್ಕ ಒಲೆ ಮುಂದೆ ಕೂತಿದ್ದರು. ಮಣೆ ಹಾಕಿದರು, ಕಾಫಿಗೆ ನೀರಿಟ್ಟರು.

"ಗಿರಿಜಕ್ಕ, ರಕ್ಷಿತಾನ ಬೆಂಗಳೂರಿಗೆ ಕಳಿಸಿ. ಈ ಸಲ ಆಗುತ್ತೆ" ಅಂದೆ.

ಅವರು ಒಲೆಯ ಕಡೆಯೇ ನೋಡುತ್ತಾ ಹೇಳಿದರು: "ಬೇಡ ಕಣಕ್ಕ. ನಾನು ಇನ್ನೊಬ್ರ ತೋಟದಲ್ಲಿ ಬಗ್ಗಿದ್ದು ಸಾಕು. ಕಂಡೋರ ಎಂಜಲು ಲೋಟ ಎತ್ತೋಕೆ ಅವಳನ್ನ ಡಿಗ್ರಿ ಓದ್ಸಿದ್ದಾ?"

ಅಪ್ಪನ 'ಏರ್‌ಪೋರ್ಟ್ ಆಫೀಸು' ನನ್ನ ಎದೆಯಲ್ಲಿ ಎದ್ದು ಕೂತಿತು. ಹನ್ನೆರಡು ವರ್ಷ ನಾನು ಎತ್ತಿದ್ದ ಲೋಟಗಳೆಲ್ಲ ಆ ಅಡುಗೆಮನೆಯಲ್ಲಿ ಸಾಲಾಗಿ ನಿಂತ ಹಾಗಾಯಿತು. ಎದ್ದು ನಿಂತೆ. "ಕಾಫಿ ಕುಡ್ಕೊಂಡ್ ಹೋಗಿ" ಎಂದರು. "ಬೇಡ" ಎಂದು ಹೊರಟುಬಿಟ್ಟೆ. ಮನೆಗೆ ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟೆ. ರಕ್ಷಿತಾಗೆ ಫೋನು ಮಾಡಿ "ನಿಮ್ಮವ್ವ ಬೇಡ ಅಂದರು, ಮುಗೀತು, ಇನ್ನು ಬರಬೇಡ" ಅಂದೆ. ಅವಳು ಏನೋ ಹೇಳಲು ಹೊರಟಳು, ನಾನು ಕೇಳಿಸಿಕೊಳ್ಳಲಿಲ್ಲ.

ನಾಲ್ಕು ದಿನ ಹಾಗೇ ಹೋಯಿತು. ಬೆಳಿಗ್ಗೆ ಮಂಜು ಬಿದ್ದು ಕಣದ ಮೇಲಿನ ಟಾರ್ಪಲ್ ಒದ್ದೆಯಾಗಿರುತ್ತಿತ್ತು, ಬಿಸಿಲು ಬಂದ ಮೇಲೆ ಕಾಫಿ ಹರಡುತ್ತಿದ್ದೆವು, ಸಂಜೆ ಗುಡ್ಡೆ ಹಾಕಿ ಮುಚ್ಚುತ್ತಿದ್ದೆವು. ಮಧ್ಯೆ ಮಧ್ಯೆ ನಾನು ರಕ್ಷಿತಾ ಬರುತ್ತಿದ್ದ ದಾರಿಯ ಕಡೆ ನೋಡುತ್ತಿದ್ದೆ. ಧರ್ಮೇಶ "ಅಷ್ಟು ದೊಡ್ಡ ವಿಮಾನ ಒಂದೇ ಮಾತಿಗೆ ಇಳ್ದೋಯ್ತಲ್ಲ ಮಾರಾಯ್ತಿ" ಎಂದ. ಅವನ ಮೇಲೂ ಹಾರಿಬಿದ್ದೆ.

ಐದನೇ ದಿನ ಭಾನುವಾರ, ಕೊಯ್ಲಿಗೆ ರಜೆ. ಮಧ್ಯಾಹ್ನ ಗಿರಿಜಕ್ಕನೇ ಬಂದರು. ಹಿಂದೆ ರಕ್ಷಿತಾ, ಅವಳ ಕೈ ಹಿಡಿದುಕೊಂಡು ಪಕ್ಕದ ಮನೆಯ ಸಣ್ಣಮ್ಮಜ್ಜಿ. ಗಿರಿಜಕ್ಕ ಮಡಿಲಲ್ಲಿ ತಂದಿದ್ದ ಕಿತ್ತಳೆ ಹಣ್ಣುಗಳನ್ನು ಜಗಲಿಯ ಮೇಲೆ ಸುರಿದು ನನ್ನ ಎದುರು ನಿಂತರು.

"ಏನಕ್ಕ, ಒಂದ್ಸಲ ಕೇಳಿ ಎದ್ದೋಗ್ಬುಟ್ರಲ್ಲ?"

"ನೀವೇ ಬೇಡ ಅಂದ್ರಲ್ಲ ಗಿರಿಜಕ್ಕ."

"ಅಂದೆ. ಹೆಣ್ಣು ಹೆತ್ತೋಳು ಒಂದೇ ಮಾತಿಗೆ ಹ್ಞೂ ಅಂತಾಳಾ? ಒಂದು ಹಿಡಿ ಸೊಪ್ಪು ಕೊಳ್ಳೋಕೂ ಎರಡು ಮಾತು ಆಡ್ತೀರ. ನಾನು ನಾಲ್ಕು ದಿನದಿಂದ ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ ಒಲೆ ಮೇಲೆ ಕಾಫಿ ಇಟ್ಕೊಂಡೇ ಕುಂತಿದೀನಿ." ಅವರ ದನಿ ಒಡೆಯಿತು. "ನನ್ನ ಮಗಳು ಅಷ್ಟು ಹಗೂರ ಆಗೋದ್ಲಾ ನಿಮ್ಗೆ?"

ನನಗೆ ನಿಂತಲ್ಲೇ ನಾಚಿಕೆಯಾಯಿತು. ಕಂಡವರ ಮೊದಲನೇ ಬೇಡಕ್ಕೆ ನಕ್ಕು ಮುಂದೆ ಹೋಗಿ ಹೋಗಿ, ಊರಿನವರ ಬೇಡ ಹೇಗಿರುತ್ತದೆ ಎಂಬುದನ್ನೇ ಮರೆತಿದ್ದೆ. ಹುಡುಗಿ ಪರೀಕ್ಷೆಯಲ್ಲಿ ಮಾಡಿದ್ದು ತಪ್ಪಾದರೆ, ನಾನು ಅವಳ ಅವ್ವನ ಒಲೆ ಮುಂದೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. "ತಪ್ಪಾಯ್ತು ಗಿರಿಜಕ್ಕ" ಅಂದೆ. "ಕಳಿಸ್ತೀರಾ?"

"ನೋಡಾನ" ಅಂದರು. ಅದು ಎರಡನೆಯದು. "ಅದೇನ್ ಕೆಲ್ಸ ಅಂತ ಮೊದ್ಲು ತೋರ್ಸಿ."

ಕುರ್ಚಿಗಳು ಮತ್ತೆ ಕಣಕ್ಕೆ ಇಳಿದವು. ಗಿರಿಜಕ್ಕ, ಸಣ್ಣಮ್ಮಜ್ಜಿ, ಧರ್ಮೇಶ ಪ್ರಯಾಣಿಕರು. ನಾನು ತಳ್ಳುಗಾಡಿಯನ್ನು ಪಕ್ಕಕ್ಕಿಟ್ಟು "ಊಟ ಆಮೇಲೆ, ಮೊದಲು ಅಪಾಯದ್ದು ಹೇಳು" ಅಂದೆ. ರಕ್ಷಿತಾ ಇಂಗ್ಲಿಷಿನಲ್ಲಿ ಶುರುಮಾಡಿದಳು. ಎರಡು ವಾಕ್ಯವಾಗುವಷ್ಟರಲ್ಲಿ ಸಣ್ಣಮ್ಮಜ್ಜಿ "ಏನಂತಾಳೆ ಇವ್ಳು, ಹಾಡ್ತಾವ್ಳಾ?" ಎಂದು ಗಟ್ಟಿಯಾಗಿ ಕೇಳಿತು. ರಕ್ಷಿತಾ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

"ಅಜ್ಜಿ, ಇಲ್ಲಿ ನೋಡಿ. ಸೊಂಟದ ಪಟ್ಟಿ ಹಿಂಗೆ ಹಾಕ್ಕಳಿ, ಹಿಂಗೆ ಎಳೀರಿ. ಹೊಗೆ ಬಂತು ಅಂದ್ರೆ ಎದ್ದು ನಿಲ್ಬೇಡಿ, ಬಗ್ಗಿ. ನಾನು ಬಿಡಿ ಅಂದ್ರೆ ಚೀಲ ಗೀಲ ಎಲ್ಲಾ ಅಲ್ಲೇ ಬಿಟ್ಬುಟ್ಟು ನಾನು ತೋರ್ಸಿದ್ ಬಾಗ್ಲಿಗೆ ಬರ್ಬೇಕು."

"ಎಲಡಿಕೆ ಚೀಲನೂ ಬಿಡ್ಬೇಕಾ?"

"ಅದ್ನೂ ಬಿಡ್ಬೇಕು."

"ಬಿಡಲ್ಲ ಅಂದ್ರೆ?"

"ನಿಮ್ಮನ್ನೇ ಎತ್ತಿ ಆಚೆ ಹಾಕ್ತೀನಿ ಅಜ್ಜಿ. ಎಲ್ಲಾರೂ ಇಳಿದ್ ಮೇಲೆ ನಾನು ಇಳಿಯೋದು. ಅಲ್ಲಿಗಂಟ ನಾನು ಹೇಳ್ದಂಗೆ ಕೇಳ್ಬೇಕು."

ಆ ಹುಡುಗಿಯ ದನಿ ಅಷ್ಟು ಗಟ್ಟಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಒಂದೂವರೆ ತಿಂಗಳು ನಾನು ಕತ್ತರಿಸಿ ಹಾಕುತ್ತಿದ್ದ ಭಾಷೆಯಲ್ಲೇ ಅದು ಇತ್ತು. ಸಣ್ಣಮ್ಮಜ್ಜಿ ಬಾಯಿ ಮುಚ್ಚಿಕೊಂಡು ಸೊಂಟಕ್ಕೆ ಸೆರಗು ಬಿಗಿದು ಕೂತಿತು. ಗಿರಿಜಕ್ಕ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು.

"ದೊಡ್ಡ ದೊಡ್ಡ ಸಾವ್ಕಾರ್ರೂ ಇವಳು ಹೇಳ್ದಂಗೆ ಕೇಳ್ತಾರಾ?" ಎಂದು ನನ್ನನ್ನು ಕೇಳಿದರು.

"ಕೇಳಲೇಬೇಕು. ಬೆಂಕಿ ಆರಿಸೋದು, ಎದೆ ಒತ್ತಿ ಉಸಿರು ತರಿಸೋದು, ಹೆರಿಗೆ ಮಾಡಿಸೋದು ಎಲ್ಲ ಕಲಿಸ್ತಾರೆ. ಊಟ ಕೊಡೋದು ಮಿಕ್ಕಿದ ಹೊತ್ತಿನ ಕೆಲಸ. ಜನಕ್ಕೆ ಕಾಣೋದು ಅದೊಂದೇ" ಎಂದೆ. ಆ ಮಾತನ್ನು ನಾನು ಹೇಳಬೇಕಾಗಿದ್ದದ್ದು ನನ್ನಪ್ಪನಿಗೆ.

"ಸಂಬ್ಳ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಒಂದಿಷ್ಟು ತಿಂಗಳಿಗೆ ಅಂತ ಕೊಡ್ತಾರೆ. ಮಿಕ್ಕಿದ್ದು ಹಾರಿದ ಗಂಟೆ ಲೆಕ್ಕ. ನನ್ನ ಕಾಲದಲ್ಲಿ ಬಾಗಿಲು ಹಾಕಿ ವಿಮಾನ ಕದಲಿದ ಮೇಲೇ ಗಂಟೆ ಶುರು. ಜನರನ್ನ ಹತ್ತಿಸೋದು, ಚೀಲ ಎತ್ತಿಡೋದು, ತಡವಾದರೆ ಬೈಸಿಕೊಳ್ಳೋದು, ಅದಕ್ಕೆಲ್ಲ ಗಂಟೆ ಓಡಲ್ಲ. ಹುಷಾರಿಲ್ಲ ಅಂತ ಮಲಗಿದರೆ ಅದೂ ಹೋಯ್ತು."

ಗಿರಿಜಕ್ಕ ಕುರ್ಚಿಗೆ ಒರಗಿದರು. "ಹಂಗಾದ್ರೆ ಕೊಯ್ಲು ಇದ್ದಂಗೇ" ಎಂದರು. "ನಮ್ಗೂ ತೂಕ ಹಾಕಿದ್ದಕ್ಕೆ ಕಾಸು. ದಿಣ್ಣೆ ಹತ್ತಿದ್ದಕ್ಕೆ, ಕಾಯಿ ಹಣ್ಣು ಆರ್ಸಿದ್ದಕ್ಕೆ, ಇಂಬಳದ ಹತ್ರ ರಕ್ತ ಹೀರಿಸ್ಕಂಡಿದ್ದಕ್ಕೆ ಯಾರು ಕೊಡ್ತಾರೆ? ನಾನು ಅದೇನೋ ರಾಣಿ ಕೆಲ್ಸ ಅಂತ ಹೆದ್ರುಕಂಡಿದ್ದೆ. ದುಡಿಯೋರ ಕೆಲ್ಸಾನೇ."

ಆಗ ನಾನು ಮೂರನೇ ಸಲ ಕೇಳಿದೆ. "ಕಳಿಸ್ತೀರಾ ಗಿರಿಜಕ್ಕ?"

"ಹೋಗ್ ಬರ್ಲಿ" ಎಂದರು. ಎಂದು, ಸೆರಗಿನಿಂದ ಮುಖ ಒರೆಸಿಕೊಂಡು, "ಒಂದ್ ಲೋಟ ಕಾಫಿ ಕೊಡಲ್ವಾ ನಿಮ್ಮ ಏರೋಪ್ಲೇನಲ್ಲಿ?" ಎಂದು ರೇಗಿದರು.

ಬೆಂಗಳೂರಿನ ಸಂದರ್ಶನದಲ್ಲಿ ಅವಳನ್ನು ಯಾವ ಯಾವ ಭಾಷೆ ಬರುತ್ತದೆ ಎಂದು ಕೇಳಿದರಂತೆ. ನಾನು ಹೇಳಿಕೊಟ್ಟಿದ್ದು ಇಂಗ್ಲಿಷ್ ಮೊದಲು ಹೇಳು ಎಂದು. ಅವಳು ಕನ್ನಡ ಮೊದಲು ಹೇಳಿದಳು. ಹಾಗಾದರೆ ಮೊದಲ ಸಲ ವಿಮಾನ ಹತ್ತಿದ ಒಬ್ಬ ಮುದುಕಿಗೆ ಬೆಲ್ಟು ಹಾಕಿಸು ನೋಡೋಣ ಎಂದರಂತೆ. "ನಾನು ಸಣ್ಣಮ್ಮಜ್ಜಿನ ನೆನ್ಸ್ಕಂಡೆ ಅಕ್ಕ" ಎಂದಳು. ಊಟದ ನಾಟಕವೂ ಇತ್ತು. ಬೇಡ ಅಂದರು, ನಕ್ಕಳು, ಮುಂದೆ ಹೋದಳು. ಸಂಕ್ರಾಂತಿಯ ಹಿಂದಿನ ಸಂಜೆ ಫೋನು ಬಂತು. ಗಿರಿಜಕ್ಕ ಆಗ ನಮ್ಮ ತೋಟದಲ್ಲೇ ಕೊನೆಯ ಸುತ್ತಿನ ಹಣ್ಣು ತೂಕ ಹಾಕಿಸುತ್ತಿದ್ದರು. ವಿಷಯ ಕೇಳಿ ಹಣ್ಣಿನ ಚೀಲದ ಮೇಲೆಯೇ ಕೂತುಬಿಟ್ಟರು. ಧರ್ಮೇಶ "ಗಿರಿಜಕ್ಕ, ನೀವು ಏಳಿ, ನಿಮ್ಮ ತೂಕನೂ ಸೇರ್ತಾ ಐತೆ" ಅಂದ. ಅವರು ನಗುತ್ತಾ ಅತ್ತರು.

ಅದಾಗಿ ಮೂರು ವರ್ಷ. ಈ ಕೊಯ್ಲಿನಲ್ಲಿ ರಕ್ಷಿತಾ ತನ್ನ ಅವ್ವನಿಗೂ ನನಗೂ ಟಿಕೆಟ್ ಕಳಿಸಿದಳು. ಬೆಂಗಳೂರಿನಿಂದ ದೆಹಲಿಗೆ, ಅವಳೇ ಕೆಲಸ ಮಾಡುವ ವಿಮಾನದಲ್ಲಿ. ಮಂಜಣ್ಣ ಮಾತ್ರ "ನೆಲ ಬಿಟ್ಟು ನಾನ್ ಬರಲ್ಲ" ಎಂದು ತನ್ನ ಜೀಪಿನ ಜೊತೆ ಊರಲ್ಲೇ ಉಳಿದ.

ರಕ್ಷಿತಾ ವಿಮಾನದ ಬಾಗಿಲಲ್ಲಿ ನಿಂತಿದ್ದಳು. ತುರುಬು, ಸಮವಸ್ತ್ರ. ಎಲ್ಲರಿಗೂ ಹೇಳಿದ ಹಾಗೇ ಅವ್ವನಿಗೂ "ನಮಸ್ಕಾರ, ಬನ್ನಿ" ಎಂದಳು. ಗಿರಿಜಕ್ಕ ಗಾಬರಿಯಲ್ಲಿ ಅವಳಿಗೇ ಕೈ ಮುಗಿದುಬಿಟ್ಟರು. ಬೆಲ್ಟು, ಬಾಗಿಲು, ಆಕ್ಸಿಜನ್ ಮಾಸ್ಕು ಎಲ್ಲ ತೋರಿಸುವಾಗ ಅಕ್ಕಪಕ್ಕದವರು ಫೋನು ನೋಡುತ್ತಿದ್ದರು. ಗಿರಿಜಕ್ಕ ಮಾತ್ರ ಎವೆಯಿಕ್ಕದೆ ನೋಡಿದರು. ಮೇಲೆದ್ದು ಸ್ವಲ್ಪ ಹೊತ್ತಿಗೆ ಟ್ರಾಲಿ ಬಂತು.

"ಕಾಫಿ ಕೊಡ್ಲಾ?"

"ಹ್ಞೂ" ಎಂದರು ಗಿರಿಜಕ್ಕ, ಒಂದೇ ಸಲಕ್ಕೆ. ರಕ್ಷಿತಾಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಗಿರಿಜಕ್ಕ ನನ್ನ ಕಿವಿಯಲ್ಲಿ "ಬೇಡ ಅಂದ್ರೆ ಮುಂದಕ್ಕೆ ಹೋಗ್ಬುಡ್ತಾಳೆ, ಅದಕ್ಕೆ" ಎಂದರು. ಕಾಫಿ ಕೆಟ್ಟದಾಗಿತ್ತು. ಕಾಫಿ ಬೆಳೆಯುವವರು ಆ ಪುಡಿಯನ್ನು ಕುಡಿಯಬಾರದು. ಅವರು ತಳದವರೆಗೆ ಕುಡಿದರು.

ಆಮೇಲೆ ರಕ್ಷಿತಾ ಖಾಲಿ ಲೋಟಗಳನ್ನು ಹಾಕಿಸಿಕೊಳ್ಳಲು ಚೀಲ ಹಿಡಿದು ಬಂದಳು. ಮುಂದಿನ ಸಾಲಿನವರು ತಲೆ ಎತ್ತದೆ ಲೋಟ ಹಾಕಿದರು. ನಮ್ಮ ಸಾಲಿಗೆ ಬರುವಷ್ಟರಲ್ಲಿ ಗಿರಿಜಕ್ಕ ತಮ್ಮ ಕಾಗದದ ಲೋಟವನ್ನು ಸೆರಗಿನಡಿ ಇಟ್ಟುಕೊಂಡಿದ್ದರು.

"ಲೋಟ ಕೊಡವ್ವ."

"ಬೇಡ. ನನ್ ಹತ್ರನೇ ಇರ್ಲಿ."

ನಾನು ರಕ್ಷಿತಾಳನ್ನು ನೋಡಿದೆ. ನಕ್ಕು ಮುಂದೆ ಹೋಗಬೇಕಿತ್ತು. ಕಣದಲ್ಲಿ ಮೂವತ್ತು ಸಲ ನಾನೇ ಕಲಿಸಿದ್ದು. ಅವಳು ಹೋಗಲಿಲ್ಲ.

"ಕೊಡವ್ವ, ಇದು ನನ್ ಕೆಲ್ಸ."

"ಬೇಡ ಕಣೇ, ಎಂಜಲು" ಎಂದರು ಗಿರಿಜಕ್ಕ, ದನಿ ತಗ್ಗಿಸಿ.

ರಕ್ಷಿತಾ ಆ ಸೀಟಿನ ಪಕ್ಕ ಮಂಡಿಯೂರಿ ಕೂತಳು. ಹಿಂದಿನ ಸಾಲಿನವರು ಕಾಯುತ್ತಿದ್ದರು. ಐತೆ, ಕಣವ್ವ ಎಲ್ಲ ಕಣದಲ್ಲೇ ಬಿಟ್ಟು ಹೋಗು ಎಂದಿದ್ದೆನಲ್ಲ, ಅವಳು ಏನನ್ನೂ ಬಿಟ್ಟಿರಲಿಲ್ಲ.

"ಹಣ್ಣಿನ್ ಚೀಲ ನೀನು ಹೊತ್ತೆ, ನಾನೇನೂ ಅಂದಿಲ್ಲ ಕಣವ್ವ. ಇದು ನಂದು. ಕೊಡು."

ಅದು ಮೂರನೇ ಸಲ. ಗಿರಿಜಕ್ಕ ಸೆರಗಿನಡಿಯಿಂದ ಲೋಟ ತೆಗೆದರು. ಅಂಚನ್ನು ಬೆರಳಿಂದ ಒರೆಸಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಮಗಳಿಗೆ ಕೊಟ್ಟರು.